ಹುಡುಕುವ ಪೆಟ್ಟಿಗೆಯ ಕೀಲಿ ಯಾರ ಕೈಯಲ್ಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಸರ್ಚ್ ಎಂಜಿನ್‌ಗಳ ನಡುವೆ ನ್ಯಾಯವಾದ ಪೈಪೋಟಿ ಇದೆಯೇ, ಇಲ್ಲದಿದ್ದರೆ ನಮ್ಮ ಊರಿನ ಅಂಗಡಿ, ಹೋಂಸ್ಟೇ, ಶಾಲೆಗಳವರು ಏನು ಮಾಡಬಹುದು? ಈ ಸಲದ ಅಂಕಣ ಇದೊಂದೇ ವಿಷಯಕ್ಕೆ ಮೀಸಲು. ಒಂದೇ ಬಗೆಯ ಪತ್ರಗಳನ್ನು ಕೂಡಿಸಿ ಒಟ್ಟಿಗೆ ಉತ್ತರಿಸಿದ್ದೇವೆ.

ಪ್ರಶ್ನೆ: ಗೂಗಲ್ ಚೆನ್ನಾಗಿದೆ, ಅದಕ್ಕೇ ಎಲ್ಲರೂ ಬಳಸುತ್ತಾರೆ. ಚೆನ್ನಾಗಿ ಕೆಲಸ ಮಾಡಿ ಮುಂದೆ ಬಂದವರಿಗೆ ದಂಡ ಹಾಕುವುದು ಯಾವ ನ್ಯಾಯ?
– ಬಿ.ಕಾಂ. ವಿದ್ಯಾರ್ಥಿ, ಮಂಗಳೂರು

ಉತ್ತರ: ಮುಂದೆ ಬಂದದ್ದಕ್ಕೆ ಯಾರೂ ದಂಡ ಹಾಕಿಲ್ಲ. ನಮ್ಮ 2002ರ ಸ್ಪರ್ಧಾ ಕಾಯ್ದೆಯ 4ನೇ ಕಲಂ ಓದಿ ನೋಡಿ. ಮಾರುಕಟ್ಟೆಯಲ್ಲಿ ಪ್ರಬಲ ಸ್ಥಾನದಲ್ಲಿರುವುದು ತಪ್ಪಲ್ಲ, ಆ ಸ್ಥಾನವನ್ನು ದುರುಪಯೋಗ ಮಾಡುವುದು ತಪ್ಪು. ಗೂಗಲ್ ಅತ್ಯುತ್ತಮ ಗುಣಮಟ್ಟದ ಸರ್ಚ್ ಎಂಜಿನ್ ಎಂದು ಅದರ ವಿರುದ್ಧ ಬಂದ ಅಮೆರಿಕದ ತೀರ್ಪೇ ಒಪ್ಪಿಕೊಂಡಿದೆ.

ಮಂಗಳೂರು–ಉಡುಪಿ ಹೆದ್ದಾರಿಯ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳನ್ನೇ ತೆಗೆದುಕೊಳ್ಳಿ. ಹೊತ್ತಿಗೆ ಸರಿಯಾಗಿ ಹೊರಟು, ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಬಸ್ಸಿಗೆ ಜನ ತುಂಬಿದರೆ ಉಳಿದ ಮಾಲಕರು ತಕರಾರು ಮಾಡುವಂತಿಲ್ಲ. ಆದರೆ ಒಬ್ಬ ಮಾಲಕರು ದಾರಿಯ ಎಲ್ಲ ನಿಲ್ದಾಣಗಳವರಿಗೂ ಹಣ ಕೊಟ್ಟು, ‘ನಮ್ಮ ಬಸ್ಸೊಂದೇ ಒಳಗೆ ಬರಬೇಕು, ಉಳಿದವು ಹೆದ್ದಾರಿಯ ಅಂಚಿನಲ್ಲಿ ನಿಲ್ಲಲಿ’ ಎಂದು ಕರಾರು ಮಾಡಿಕೊಂಡರೆ? ಆಗಲೂ ಜನ ಅದೇ ಬಸ್ಸು ಹತ್ತುತ್ತಾರೆ. ಅದನ್ನು ಜನರ ಆಯ್ಕೆ ಎನ್ನಲಾಗದು.

ಸರ್ಚ್‌ನಲ್ಲಿ ಆ ನಿಲ್ದಾಣದ ಹೆಸರು ಡಿಫಾಲ್ಟ್. ಹೊಸ ಫೋನ್ ಅಥವಾ ಬ್ರೌಸರ್ ತೆರೆದಾಗ ಮೊದಲೇ ಕೂರಿಸಿಟ್ಟಿರುವ ಸರ್ಚ್ ಎಂಜಿನ್ ಅದು. ಅಮೆರಿಕದ ಸರ್ಕಾರ 2020ರ ಅಕ್ಟೋಬರ್‌ನಲ್ಲಿ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್ 5ರಂದು ಕೊಟ್ಟ ತೀರ್ಪಿನಲ್ಲಿ ಲೆಕ್ಕ ಬಿಚ್ಚಿಟ್ಟಿದ್ದಾರೆ. ಈ ಜಾಗಕ್ಕಾಗಿ ಗೂಗಲ್ 2021ರ ಒಂದೇ ವರ್ಷ ಬ್ರೌಸರ್ ಕಂಪನಿ, ಫೋನ್ ತಯಾರಕರು, ಮೊಬೈಲ್ ಸೇವೆಯವರಿಗೆ ಕೊಟ್ಟದ್ದು 2,630 ಕೋಟಿ ಡಾಲರ್. 2022ರಲ್ಲಿ ಆಪಲ್ ಒಂದಕ್ಕೇ ಸುಮಾರು 2,000 ಕೋಟಿ ಡಾಲರ್. ಅಮೆರಿಕದ ಹುಡುಕಾಟಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಈ ಕರಾರಿನ ಬಾಗಿಲುಗಳಿಂದಲೇ ಒಳಗೆ ಹೋಗುತ್ತವೆ. ಜನ ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ ಎಂದಾದರೆ ಇಷ್ಟು ಹಣ ಸುರಿಯುವ ಅಗತ್ಯವೇ ಇರಲಿಲ್ಲ.

ಇನ್ನೊಂದು ಸಂಗತಿಯೂ ಅದೇ ತೀರ್ಪಿನಲ್ಲಿದೆ. ಮೈಕ್ರೋಸಾಫ್ಟ್‌ನ ಎಡ್ಜ್ ಬ್ರೌಸರ್‌ನಲ್ಲಿ ಡಿಫಾಲ್ಟ್ ಆಗಿರುವುದು ಬಿಂಗ್. ಅಲ್ಲಿ ಬಿಂಗ್‌ನ ಪಾಲು ಸುಮಾರು ಶೇ. 80, ಗೂಗಲ್‌ನದು ಶೇ. 20. ಬಿಂಗ್ ಅಲ್ಲಿ ಮಾತ್ರ ಇದ್ದಕ್ಕಿದ್ದಂತೆ ಜಾಣ ಆಗಿಬಿಡುವುದಿಲ್ಲ. ಇದ್ದುದನ್ನು ಬದಲಿಸುವ ತೊಂದರೆ ಬಹುಪಾಲು ಜನ ತೆಗೆದುಕೊಳ್ಳುವುದಿಲ್ಲ, ಅಷ್ಟೇ.

ಡಿಫಾಲ್ಟ್‌ನ ಲಾಭ ಅಲ್ಲಿಗೇ ನಿಲ್ಲುವುದಿಲ್ಲ. ನೀವು ಏನು ಟೈಪ್ ಮಾಡಿದಿರಿ, ಯಾವ ಕೊಂಡಿ ಒತ್ತಿದಿರಿ, ಎಷ್ಟು ಬೇಗ ಹಿಂದೆ ಬಂದಿರಿ ಎಂಬುದನ್ನೆಲ್ಲ ನೋಡಿಯೇ ಸರ್ಚ್ ಎಂಜಿನ್ ಕಲಿಯುವುದು. ಹುಡುಕಾಟ ಹೆಚ್ಚಾದಷ್ಟೂ ಉತ್ತರ ಸುಧಾರಿಸುತ್ತದೆ, ಉತ್ತರ ಸುಧಾರಿಸಿದಷ್ಟೂ ಹುಡುಕಾಟ ಹೆಚ್ಚುತ್ತದೆ. ಅಮೆರಿಕದಲ್ಲಿ ಗೂಗಲ್‌ಗೆ ದಿನಕ್ಕೆ ಬರುವ ಪ್ರಶ್ನೆಗಳು ಅದರ ಎಲ್ಲ ಪ್ರತಿಸ್ಪರ್ಧಿಗಳಿಗೆ ಬರುವ ಒಟ್ಟು ಪ್ರಶ್ನೆಗಳ ಒಂಬತ್ತು ಪಟ್ಟು, ಮೊಬೈಲ್‌ನಲ್ಲಿ 19 ಪಟ್ಟು. ನಾಳೆ ಇನ್ನೂ ಒಳ್ಳೆಯ ಸರ್ಚ್ ಎಂಜಿನ್ ಕಟ್ಟಬೇಕು ಎಂದು ಹೊರಟವರಿಗೆ ಕಲಿಯಲು ಬೇಕಾದ ಪ್ರಶ್ನೆಗಳೇ ಸಿಗುವುದಿಲ್ಲ. ನ್ಯಾಯಾಲಯ ತಪ್ಪು ಎಂದದ್ದು ಇದನ್ನು. 2025ರ ಸೆಪ್ಟೆಂಬರ್ 2ರ ಪರಿಹಾರ ಆದೇಶದಲ್ಲಿ ಕ್ರೋಮ್ ಬ್ರೌಸರ್ ಮಾರಬೇಕೆಂಬ ಸರ್ಕಾರದ ಬೇಡಿಕೆಯನ್ನು ಮೆಹ್ತಾ ಒಪ್ಪಲಿಲ್ಲ. ಡಿಫಾಲ್ಟ್‌ಗೆ ಹಣ ಕೊಡುವುದನ್ನೂ ಪೂರ್ತಿ ನಿಲ್ಲಿಸಲಿಲ್ಲ. ಆದರೆ ‘ನಮ್ಮದೊಂದೇ ಇರಬೇಕು’ ಎಂಬ ಕರಾರುಗಳಿಗೆ ತಡೆ ಹಾಕಿದರು. ಸೂಚ್ಯಂಕದ (ಹುಡುಕಲೆಂದು ಜಾಲದ ಪುಟಗಳನ್ನು ಒಟ್ಟುಮಾಡಿಟ್ಟ ಪಟ್ಟಿಯ) ಮತ್ತು ಬಳಕೆಯ ಕೆಲವು ದತ್ತಾಂಶವನ್ನು ಅರ್ಹ ಪ್ರತಿಸ್ಪರ್ಧಿಗಳಿಗೆ ಕೊಡಬೇಕು ಎಂದರು. ದತ್ತಾಂಶದ ಮಾತೇ ಈ ಆದೇಶದ ತಿರುಳು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಸರ್ಚ್ ಹೇಗೂ ಪುಕ್ಕಟೆ. ಪೈಪೋಟಿ ಇಲ್ಲದಿದ್ದರೆ ನಮಗೇನು ನಷ್ಟ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ಹುಡುಕುವವರಿಗೆ ಪುಕ್ಕಟೆ, ಜಾಹೀರಾತು ಕೊಡುವವರಿಗೆ ಅಲ್ಲ. ಸರ್ಚ್‌ನ ಪಠ್ಯ ಜಾಹೀರಾತಿನ ದರವನ್ನು ಪೈಪೋಟಿಯ ಅಂಜಿಕೆಯಿಲ್ಲದೆ ಏರಿಸಲು ಗೂಗಲ್‌ಗೆ ಸಾಧ್ಯವಾಗಿದೆ ಎಂದು ಅಮೆರಿಕದ ತೀರ್ಪು ಹೇಳಿದೆ. ಆ ಹಣ ಕೊನೆಗೆ ಕೋಣೆಯ ಬಾಡಿಗೆಯಲ್ಲಿ, ಗೋಡಂಬಿಯ ಪೊಟ್ಟಣದಲ್ಲಿ, ಕೋಚಿಂಗ್‌ನ ಶುಲ್ಕದಲ್ಲಿ ಸೇರಿ ನಿಮ್ಮ ಕಿಸೆಯಿಂದಲೇ ಹೋಗುತ್ತದೆ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಫೈರ್‌ಫಾಕ್ಸ್ ಬ್ರೌಸರ್‌ನ ಮೊಝಿಲ್ಲಾ ಸಂಸ್ಥೆಯ ಆದಾಯದ ಬಹುಪಾಲು ಗೂಗಲ್ ಕೊಡುವ ಡಿಫಾಲ್ಟ್ ಹಣವೇ. ಅದನ್ನು ಒಮ್ಮೆಗೇ ನಿಲ್ಲಿಸಿದರೆ ಬ್ರೌಸರ್‌ಗಳಲ್ಲಿ ಉಳಿದಿರುವ ಪೈಪೋಟಿಗೇ ಪೆಟ್ಟು ಬೀಳುತ್ತದೆ.

ಪ್ರಶ್ನೆ: ಹೊಸ ಆಂಡ್ರಾಯ್ಡ್ ಫೋನ್‌ನಲ್ಲಿ ಸರ್ಚ್ ಎಂಜಿನ್ ಆರಿಸಿಕೊಳ್ಳಬಹುದು ಅಂತ ಓದಿದ್ದೆ. ಹೋದ ತಿಂಗಳು ಫೋನ್ ತಗೊಂಡೆ, ಅಂಥದ್ದೇನೂ ಕಾಣ್ಲಿಲ್ಲ ಮಾರಾಯ್ರೇ. ಈಗ ಬದಲಿಸುವುದು ಹೇಗೆ?
– ಕುಂದಾಪುರದ ಓದುಗರು

ಉತ್ತರ: ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ ₹1,337.76 ಕೋಟಿ ದಂಡ ಹಾಕಿತು. ಫೋನ್ ಸಜ್ಜುಗೊಳಿಸುವಾಗಲೇ ಡಿಫಾಲ್ಟ್ ಸರ್ಚ್ ಎಂಜಿನ್ ಆರಿಸಲು ಬಳಕೆದಾರರಿಗೆ ಅವಕಾಶ ಕೊಡಬೇಕು ಎಂಬುದು ಆ ಆದೇಶದ ನಿರ್ದೇಶನಗಳಲ್ಲೊಂದು. ಸುಪ್ರೀಂ ಕೋರ್ಟ್ ತಡೆ ಕೊಡಲು ಒಪ್ಪದ ಮೇಲೆ, 2023ರ ಜನವರಿ 25ರಂದು ಗೂಗಲ್ ಇದನ್ನು ಭಾರತದಲ್ಲಿ ಜಾರಿ ಮಾಡುವುದಾಗಿ ಪ್ರಕಟಿಸಿತು. ಅದೇ ವರ್ಷದ ಮಾರ್ಚ್ 29ರಂದು ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಕೆಲವು ನಿರ್ದೇಶನಗಳನ್ನು ಕೈಬಿಟ್ಟಿತು.

ಹಾಗಾದರೆ ನಿಮಗೇಕೆ ಕಾಣಲಿಲ್ಲ? ಆಯ್ಕೆಯ ಪರದೆ ಬರುವುದು ಫೋನ್ ಮೊದಲ ಸಲ ಸಜ್ಜಾಗುವಾಗ. ನಮ್ಮಲ್ಲಿ ಬಹಳಷ್ಟು ಫೋನ್‌ಗಳನ್ನು ಸಜ್ಜುಗೊಳಿಸುವುದು ಅಂಗಡಿಯ ಹುಡುಗರು. ಸಿಮ್ ಹಾಕಿ, ಹಳೆಯ ಫೋನ್‌ನ ಸಂಪರ್ಕಗಳನ್ನು ತಂದು, ಗಾಜು ಅಂಟಿಸಿ ಕೊಡುವ ಗಡಿಬಿಡಿಯಲ್ಲಿ ‘ಮುಂದೆ, ಮುಂದೆ’ ಎಂದು ಒತ್ತಿಬಿಡುತ್ತಾರೆ. ಆದೇಶ ಗ್ರಾಹಕರಿಗೆ ಕೊಟ್ಟ ಆಯ್ಕೆ ಕೌಂಟರ್‌ನಲ್ಲೇ ಮುಗಿದುಹೋಗುತ್ತದೆ. ಮುಂದಿನ ಸಲ ಫೋನ್ ಕೊಳ್ಳುವಾಗ ಸಜ್ಜುಗೊಳಿಸುವ ಕೆಲಸವನ್ನು ನೀವೇ ಮಾಡಿ, ಇಲ್ಲವೇ ಆ ಪರದೆ ಬಂದಾಗ ತೋರಿಸಲು ಹೇಳಿ. ಅಂಗಡಿಯವರೂ ಆ ಒಂದು ಪರದೆಯಲ್ಲಿ ಕೈ ತಡೆದು ಫೋನನ್ನು ಗ್ರಾಹಕರತ್ತ ತಿರುಗಿಸಬೇಕು. ಅದಕ್ಕೆ ಹತ್ತು ಸೆಕೆಂಡು ಸಾಕು.

ಈಗ ಇರುವ ಫೋನ್‌ಗೆ ಫ್ಯಾಕ್ಟರಿ ರೀಸೆಟ್ ಬೇಡ. ಕ್ರೋಮ್ ತೆರೆದು, ಬಲ ಮೇಲಿನ ಮೂರು ಚುಕ್ಕಿ, ಸೆಟ್ಟಿಂಗ್ಸ್, ಸರ್ಚ್ ಎಂಜಿನ್ ಎಂದು ಹೋಗಿ. ನಿಮಗೆ ಬೇಕಾದದ್ದು ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಸರ್ಚ್ ಎಂಜಿನ್‌ನ ತಾಣವನ್ನು ಕ್ರೋಮ್‌ನಲ್ಲೇ ತೆರೆದು ಏನಾದರೊಂದು ಹುಡುಕಿ, ಮತ್ತೆ ಇದೇ ಪಟ್ಟಿಗೆ ಬನ್ನಿ. ‘ಇತ್ತೀಚೆಗೆ ಭೇಟಿ ನೀಡಿದ್ದು’ ಎಂಬುದರ ಕೆಳಗೆ ಅದು ಬಂದಿರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್‌ನ ಸರ್ಚ್ ವಿಭಾಗದಲ್ಲಿದೆ. ಐಫೋನ್‌ನಲ್ಲಿ ಸಫಾರಿ ತೆರೆದು ಹುಡುಕಿದರೆ ಸಿಗದು, ಫೋನ್‌ನ ಸೆಟ್ಟಿಂಗ್ಸ್‌ಗೇ ಹೋಗಿ ಸಫಾರಿಯನ್ನು ಹುಡುಕಬೇಕು. ಈಚಿನ ಆವೃತ್ತಿಗಳಲ್ಲಿ ಅದು ಆ್ಯಪ್ಸ್ ಎಂಬುದರ ಒಳಗಿದೆ. ಅಲ್ಲಿ ಆಪಲ್ ಇಟ್ಟಿರುವ ಪಟ್ಟಿಯೊಳಗಿನದನ್ನೇ ಆರಿಸಬೇಕಾಗುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿ: ಕ್ರೋಮ್‌ನಲ್ಲಿ ಬದಲಿಸಿದರೂ ಮುಖಪುಟದ ಉದ್ದನೆಯ ಹುಡುಕು ಪಟ್ಟಿ ಗೂಗಲ್‌ನದೇ ಆಗಿರಬಹುದು. ಅದು ಗೂಗಲ್ ಆ್ಯಪ್‌ನ ವಿಜೆಟ್, ಬ್ರೌಸರ್‌ನ ಭಾಗವಲ್ಲ. ಅದರ ಮೇಲೆ ಬೆರಳು ಒತ್ತಿ ಹಿಡಿದು ‘ತೆಗೆದುಹಾಕು’ ಆರಿಸಿ, ಆ ಜಾಗದಲ್ಲಿ ನಿಮ್ಮ ಆಯ್ಕೆಯ ಬ್ರೌಸರ್‌ನ ವಿಜೆಟ್ ಇಡಿ. ಧ್ವನಿ ಸಹಾಯಕವೂ ಬೇರೆಯೇ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಡಿಫಾಲ್ಟ್ ಆ್ಯಪ್ಸ್ ಎಂದು ಹೋದರೆ ಬ್ರೌಸರ್ ಮತ್ತು ಡಿಜಿಟಲ್ ಅಸಿಸ್ಟೆಂಟ್ ಎರಡನ್ನೂ ನೋಡಬಹುದು. ಒಂದು ಫೋನ್‌ನಲ್ಲಿ ಹೀಗೆ ಮೂರು ಬಾಗಿಲು. ಒಂದನ್ನು ಬದಲಿಸಿ ‘ಏನೂ ಆಗಲಿಲ್ಲ’ ಎಂದು ಬಿಟ್ಟವರೇ ಹೆಚ್ಚು.

ಪ್ರಶ್ನೆ: ನಮ್ಮ ಹೋಂಸ್ಟೇಯ ಹೆಸರನ್ನೇ ಹಾಕಿ ಹುಡುಕಿದರೂ ಮೇಲೆ ಬರುವುದು ಒಂದು ದೊಡ್ಡ ಬುಕಿಂಗ್ ತಾಣದ ಜಾಹೀರಾತು. ಅದರ ಕೆಳಗೆ ಗೂಗಲ್‌ನ ನಕ್ಷೆ ಮತ್ತು ಕೋಣೆ ದರದ ಪೆಟ್ಟಿಗೆ. ನಮ್ಮ ಸ್ವಂತ ವೆಬ್‌ಸೈಟ್ ಬೆರಳಿನಲ್ಲಿ ತಳ್ಳಿ ತಳ್ಳಿ ಹುಡುಕಬೇಕು. ಆ ತಾಣದಿಂದ ಬಂದ ಅತಿಥಿಗೆ ಕಮಿಷನ್ ಕೊಡಬೇಕು. ಇದು ಕಾನೂನಿಗೆ ಸರಿಯೇ?
– ಹೋಂಸ್ಟೇ ನಡೆಸುವವರು, ಮಲ್ಪೆ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ದೂರುಗಳಿವೆ. ಅವನ್ನು ಬಿಡಿಸಿಕೊಳ್ಳದೆ ಹೊರಟರೆ ಎರಡೂ ಕೈ ತಪ್ಪುತ್ತವೆ.

ಮೊದಲಿಗೆ ಜಾಹೀರಾತು. ನಿಮ್ಮ ಹೆಸರನ್ನು ಕೀವರ್ಡ್ (ಯಾವ ಪದ ಹುಡುಕಿದಾಗ ಜಾಹೀರಾತು ಕಾಣಬೇಕೋ ಆ ಪದ) ಆಗಿ ಗೂಗಲ್‌ನ ಜಾಹೀರಾತು ಹರಾಜಿನಲ್ಲಿ ಹಿಡಿದು ಬೇರೆಯವರು ಜಾಹೀರಾತು ಹಾಕುವುದು ಟ್ರೇಡ್‌ಮಾರ್ಕ್ ಕಾನೂನಿಗೆ ಸೇರಿದ್ದು. ಡಿ.ಆರ್.ಎಸ್. ಲಾಜಿಸ್ಟಿಕ್ಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್‌ನ ವಿಭಾಗೀಯ ಪೀಠ 2023ರ ಆಗಸ್ಟ್ 10ರಂದು ಇದನ್ನು ವಿವರಿಸಿದೆ. ಟ್ರೇಡ್‌ಮಾರ್ಕನ್ನು ಕೀವರ್ಡ್ ಆಗಿ ಬಳಸಿದ ಮಾತ್ರಕ್ಕೆ ಉಲ್ಲಂಘನೆ ಆಗುವುದಿಲ್ಲ. ಅದರಿಂದ ಗ್ರಾಹಕರಿಗೆ ಗೊಂದಲವಾದರೆ ಅಥವಾ ಇನ್ನೊಬ್ಬರ ಹೆಸರಿನ ಅನುಚಿತ ಲಾಭ ಪಡೆದರೆ ಆಗುತ್ತದೆ. ಹಾಗಾದಾಗ ‘ನಾವು ಬರೀ ಮಧ್ಯವರ್ತಿ’ ಎಂಬ ರಕ್ಷಣೆ ಗೂಗಲ್‌ಗೂ ಸಿಗದು.

ಈ ದಾರಿಯಲ್ಲಿ ಹೋಗಲು ಹೆಸರು ನೋಂದಣಿ ಆಗಿದ್ದರೆ ಕೈ ಗಟ್ಟಿಯಾಗುತ್ತದೆ. ವಸತಿ ಮತ್ತು ಊಟದ ಸೇವೆಗೆ 43ನೇ ವರ್ಗ. ಟಿಎಂ-ಎ ನಮೂನೆಯಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ಯಮಗಳಿಗೆ ಒಂದು ವರ್ಗಕ್ಕೆ ₹4,500, ಉಳಿದವರಿಗೆ ₹9,000. ಕರ್ನಾಟಕ ಚೆನ್ನೈ ನೋಂದಣಿ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ‘ಮಲ್ಪೆ ಬೀಚ್ ಹೋಂಸ್ಟೇ’ ಎಂಬಂಥ ಬರೀ ಊರು ಮತ್ತು ಸೇವೆಯನ್ನು ಹೇಳುವ ಹೆಸರಿಗೆ ನೋಂದಣಿ ಸಿಗುವುದು ಕಷ್ಟ. ಹೆಸರಿನಲ್ಲಿ ನಿಮ್ಮದೇ ಎನ್ನುವ ಒಂದು ಪದ ಬೇಕು.

ನೋಂದಣಿಯಾದ ಮೇಲೆ ಗೂಗಲ್ ಆ್ಯಡ್ಸ್‌ನ ಟ್ರೇಡ್‌ಮಾರ್ಕ್ ದೂರಿನ ನಮೂನೆ ತುಂಬಬಹುದು. ಜಾಹೀರಾತಿನ ಬರಹದಲ್ಲಿ ನಿಮ್ಮ ಹೆಸರು ಇದ್ದರೆ ಮಾತ್ರ ಅವರು ಕ್ರಮ ಕೈಗೊಳ್ಳುತ್ತಾರೆ, ಒಳಗಿನ ಕೀವರ್ಡ್ ಅನ್ನು ತಡೆಯುವುದಿಲ್ಲ. ಆದ್ದರಿಂದ ಮೊದಲು ಪರದೆಯ ಚಿತ್ರ ತೆಗೆದಿಡಿ. ದಿನಾಂಕ, ವೇಳೆ, ಹುಡುಕಿದ ಪದ, ಜಾಹೀರಾತು ತೆರೆದುಕೊಂಡ ವಿಳಾಸ ನಾಲ್ಕೂ ಅದರಲ್ಲಿರಲಿ. ಒಂದು ದಿನದ ಚಿತ್ರ ಸಾಲದು, ಎರಡು ಮೂರು ವಾರ ಬೇರೆ ಬೇರೆ ಫೋನ್‌ಗಳಿಂದ ತೆಗೆಯಿರಿ. ಗೂಗಲ್‌ನ ಜಾಹೀರಾತು ಪಾರದರ್ಶಕತೆ ಕೇಂದ್ರದಲ್ಲಿ ಆ ಜಾಹೀರಾತುದಾರರ ಹೆಸರು ಹಾಕಿದರೆ ಅವರು ನಡೆಸುತ್ತಿರುವ ಜಾಹೀರಾತುಗಳು ಕಾಣುತ್ತವೆ. ಇದಕ್ಕೂ ಮೊದಲು ಬುಕಿಂಗ್ ತಾಣದೊಡನೆ ನೀವು ಸಹಿ ಹಾಕಿದ ಕರಾರನ್ನು ಓದಿ. ನಿಮ್ಮ ಹೆಸರಿನಲ್ಲಿ ಜಾಹೀರಾತು ಮಾಡಲು ನೀವೇ ಒಪ್ಪಿಗೆ ಕೊಟ್ಟಿರುವ ಸಾಲು ಅದರಲ್ಲಿದ್ದರೆ ಟ್ರೇಡ್‌ಮಾರ್ಕ್ ದೂರು ನಿಲ್ಲುವುದಿಲ್ಲ. ಮೊದಲು ಆ ಸಾಲನ್ನು ತೆಗೆಸಲು ಮಾತಾಡಬೇಕು.

ಎರಡನೆಯದು ಗೂಗಲ್‌ನ ಸ್ವಂತ ಪೆಟ್ಟಿಗೆ. ಸ್ಪರ್ಧಾ ಕಾನೂನಿಗೆ ಸೇರುವುದು ಇದು. ಸರ್ಚ್ ನಡೆಸುವವರೇ ಅದರ ಮೇಲ್ಭಾಗದಲ್ಲಿ ತಮ್ಮ ಇನ್ನೊಂದು ಸೇವೆಗೆ ಎದ್ದುಕಾಣುವ ಜಾಗ ಕೊಟ್ಟುಕೊಳ್ಳಬಹುದೇ ಎಂಬುದು ಪ್ರಶ್ನೆ. ಯುರೋಪಿಯನ್ ಆಯೋಗ 2017ರಲ್ಲಿ ಗೂಗಲ್‌ನ ಶಾಪಿಂಗ್ ಪೆಟ್ಟಿಗೆಯ ವಿಚಾರದಲ್ಲಿ 242 ಕೋಟಿ ಯೂರೋ ದಂಡ ಹಾಕಿತು. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2024ರ ಸೆಪ್ಟೆಂಬರ್ 10ರಂದು ಅದನ್ನು ಎತ್ತಿಹಿಡಿಯಿತು. ನಮ್ಮ ಆಯೋಗ 2018ರ ಫೆಬ್ರವರಿ 8ರಂದು ₹135.86 ಕೋಟಿ ದಂಡ ಹಾಕಿದ ಪ್ರಕರಣದಲ್ಲಿ ವಿಮಾನ ಟಿಕೆಟ್‌ನ ಪೆಟ್ಟಿಗೆಗೆ ಕೊಟ್ಟ ಜಾಗವೂ ಒಂದು ಕಾರಣ. ಆದರೆ ಪೆಟ್ಟಿಗೆ ಇರುವುದೆಲ್ಲ ಅಕ್ರಮ ಎಂದು ಯಾರೂ ಹೇಳಿಲ್ಲ. ಮಲ್ಪೆಗೆ ದಾರಿ ಕೇಳಿದವರಿಗೆ ನಕ್ಷೆ ಕಾಣಿಸುವುದು ಉಪಕಾರವೇ.

ತೀರ್ಪು ಬರುವವರೆಗೆ ಕಾಯುತ್ತ ಕೂರುವ ಹಾಗಿಲ್ಲವಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್ ನಿಮ್ಮ ಹೆಸರಿನಲ್ಲಿದೆಯೇ, ಅದರ ‘ವೆಬ್‌ಸೈಟ್’ ಗುಂಡಿ ನಿಮ್ಮ ತಾಣಕ್ಕೇ ಹೋಗುತ್ತದೆಯೇ ನೋಡಿ. ಅದು ಬೇರೆ ತಾಣಕ್ಕೆ ಹೋಗುತ್ತಿದ್ದರೆ ನೀವೇ ಸರಿಪಡಿಸಬಹುದು. ಆಮೇಲೆ ಬಿಂಗ್ ಪ್ಲೇಸಸ್‌ಗೆ ಹೋಗಿ, ಗೂಗಲ್‌ನಲ್ಲಿರುವ ವಿವರವನ್ನು ಹಾಗೆಯೇ ಆಮದು ಮಾಡಿಕೊಳ್ಳುವ ಸೌಲಭ್ಯ ಅಲ್ಲಿದೆ. ಆಪಲ್‌ನ ಬಿಸಿನೆಸ್ ಸೇವೆಯಲ್ಲೂ ಉಚಿತವಾಗಿ ಹೆಸರು ಸೇರಿಸಿ. ಡಕ್‌ಡಕ್‌ಗೋ ತೋರಿಸುವ ನಕ್ಷೆ ಆಪಲ್‌ನದೇ ಆದ್ದರಿಂದ ಒಂದು ಕೆಲಸಕ್ಕೆ ಎರಡು ಫಲ. ಮೂರೂ ಕಡೆ ಹೆಸರು, ವಿಳಾಸ, ಫೋನ್ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಒಂದು ಕಡೆ ‘ವಡಭಾಂಡೇಶ್ವರ’, ಇನ್ನೊಂದು ಕಡೆ ಬರೀ ‘ಮಲ್ಪೆ’ ಎಂದು ಬರೆದರೆ ಯಂತ್ರ ಎರಡು ಮನೆ ಎಂದು ತಿಳಿಯಬಹುದು.

ಪ್ರಶ್ನೆ: ಬೇರೆ ಸರ್ಚ್ ಎಂಜಿನ್‌ಗಳಲ್ಲಿ ಕನ್ನಡದಲ್ಲಿ ಹುಡುಕಿದರೆ ಸರಿಯಾದ್ದು ಸಿಗುವುದಿಲ್ಲ. ಹೀಗಿದ್ದ ಮೇಲೆ ‘ಬದಲಿಸಿ’ ಎಂದು ಮಕ್ಕಳಿಗೆ ಹೇಗೆ ಹೇಳಲಿ?
– ಕನ್ನಡ ಶಿಕ್ಷಕಿ, ಕಾರ್ಕಳ

ಉತ್ತರ: ಮೇಡಂ, ನಿಮ್ಮ ಅನುಭವ ನಿಜವಾದದ್ದೇ. ಕನ್ನಡದಲ್ಲಿ ಒಂದು ಊರಿನ ಹೆಸರೇ ಉಡುಪಿಯಲ್ಲಿ, ಉಡುಪಿಯಿಂದ, ಉಡುಪಿಗೂ ಎಂದು ಬೆಳೆಯುತ್ತದೆ. ಅದೆಲ್ಲ ಒಂದೇ ಊರು ಎಂದು ಯಂತ್ರ ಕಲಿಯಬೇಕು. ನಮ್ಮ ಕರಾವಳಿಯಲ್ಲಿ ಇನ್ನೂ ಒಂದು ಸುತ್ತು: ಮಂಗಳೂರು, ತುಳುವಿನ ಕುಡ್ಲ, ಕೊಂಕಣಿಯ ಕೊಡಿಯಾಲ, ಬ್ಯಾರಿಯ ಮೈಕಾಲ ನಾಲ್ಕೂ ಒಂದೇ ಪಟ್ಟಣ. ಇಲ್ಲಿಯ ಗೋಳಿಬಜೆ ಘಟ್ಟದ ಮೇಲೆ ಮಂಗಳೂರು ಬಜ್ಜಿ. ಗೋಳಿಬಜೆ ಎಂದು ಹುಡುಕಿದವರು ಮಂಗಳೂರು ಬಜ್ಜಿಯ ಪುಟವನ್ನು ಸಾವಿರ ಸಲ ಒತ್ತಿದಾಗ ಯಂತ್ರಕ್ಕೆ ನಂಟು ಗೊತ್ತಾಗುತ್ತದೆ. ಆ ಒತ್ತುಗಳೆಲ್ಲ ಒಂದೇ ಕಂಪನಿಗೆ ಹೋದರೆ ಉಳಿದವರು ಕಲಿಯುವುದು ಎಲ್ಲಿಂದ? ತನಗೆ ದಿನವೂ ಬರುವ ಪ್ರಶ್ನೆಗಳಲ್ಲಿ ಸುಮಾರು ಶೇ. 15ರಷ್ಟು ಹಿಂದೆಂದೂ ಕಾಣದವು ಎಂದು ಗೂಗಲ್ ಹೇಳುತ್ತ ಬಂದಿದೆ. ಗೂಗಲ್‌ಗೇ ಹಾಗಾದರೆ ಉಳಿದವರಿಗೆ ಕನ್ನಡದ ಬಹಳಷ್ಟು ಪ್ರಶ್ನೆಗಳು ಹೊಸತೇ. ಸಣ್ಣ ಭಾಷೆಗಳಿಗೆ ಪೈಪೋಟಿಯ ಕೊರತೆ ಹೆಚ್ಚು ತಟ್ಟುವುದು ಇದರಿಂದ.

ಇನ್ನೊಂದು ಮಾತು. ಹೆಸರು ಹತ್ತಿದ್ದರೂ ಬಾವಿ ಕೆಲವೇ. ಡಕ್‌ಡಕ್‌ಗೋದ ಸಾಮಾನ್ಯ ಫಲಿತಾಂಶಗಳು ಬಹುಪಾಲು ಬಿಂಗ್‌ನಿಂದ ಬರುತ್ತವೆ. ಸ್ಟಾರ್ಟ್‌ಪೇಜ್ ಗೂಗಲ್‌ನ ಫಲಿತಾಂಶ ಕೊಡುತ್ತದೆ. ಬ್ರೇವ್ ಮತ್ತು ಬ್ರಿಟನ್ನಿನ ಮೊಜೀಕ್ ಸ್ವಂತ ಸೂಚ್ಯಂಕ ಕಟ್ಟಿಕೊಂಡಿವೆ. ಮೈಕ್ರೋಸಾಫ್ಟ್ 2025ರ ಆಗಸ್ಟ್ 11ರಂದು ಬಿಂಗ್‌ನ ಸರ್ಚ್ ಎಪಿಐ (ಬೇರೆ ಸೇವೆಗಳು ಬಿಂಗ್‌ನ ಫಲಿತಾಂಶ ಪಡೆಯುವ ವ್ಯವಸ್ಥೆ) ನಿಲ್ಲಿಸಿದಾಗ ಅದನ್ನು ನೆಚ್ಚಿದ್ದ ಸಣ್ಣಪುಟ್ಟ ಸೇವೆಗಳು ಬೇರೆ ದಾರಿ ನೋಡಬೇಕಾಯಿತು. ಸ್ವಂತ ಬಾವಿ ಇರುವವರಿಗೆ ಪ್ರಶ್ನೆ ಸಿಗುವುದು ಅದಕ್ಕೇ ಮುಖ್ಯ.

ಮಕ್ಕಳಿಗೆ ‘ಬದಲಿಸಿ’ ಎನ್ನುವ ಬದಲು ‘ಹೋಲಿಸಿ’ ಎನ್ನಿ. ತರಗತಿಯಲ್ಲಿ ಹತ್ತು ಪ್ರಶ್ನೆ ಆರಿಸಿ: ಕನ್ನಡ ಲಿಪಿಯಲ್ಲಿ ನಾಲ್ಕು, ರೋಮನ್ ಅಕ್ಷರದಲ್ಲಿ ಬರೆದ ಕನ್ನಡದ್ದು ಮೂರು, ಸ್ಥಳೀಯ ಸಂಗತಿಯವು ಮೂರು. ಗೂಗಲ್, ಬಿಂಗ್, ಬ್ರೇವ್ ಮೂರರಲ್ಲೂ ಹುಡುಕಿ, ಮೊದಲ ಐದು ಕೊಂಡಿಗಳಲ್ಲಿ ಉಪಯುಕ್ತವಾದವೆಷ್ಟು ಎಂದು ಬರೆದುಕೊಳ್ಳಲಿ. ಖಾತೆಯಿಂದ ಹೊರಬಂದು, ಇನ್‌ಕಾಗ್ನಿಟೊದಲ್ಲಿ ಮಾಡಬೇಕು. ಇಲ್ಲದಿದ್ದರೆ ಹಳೆಯ ಹುಡುಕಾಟದ ನೆನಪು ಫಲಿತಾಂಶದಲ್ಲಿ ಬೆರೆಯುತ್ತದೆ. ಸೋತ ಪ್ರಶ್ನೆಗಳನ್ನು ಆಯಾ ಪುಟದ ‘ಫೀಡ್‌ಬ್ಯಾಕ್’ ಕೊಂಡಿಯಲ್ಲಿ ಬರೆದು ಕಳುಹಿಸಲಿ.

ನಮ್ಮದೇ ತಪ್ಪೂ ಇದೆ. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಸಂಘದ ವರದಿ, ದೇವಸ್ಥಾನದ ಆಮಂತ್ರಣ, ಶಾಲಾ ಸಂಚಿಕೆಗಳು ಪಿಡಿಎಫ್ ಆಗಿ ಜಾಲದಲ್ಲಿವೆ. ಅವು ಯಾವ ಸರ್ಚ್ ಎಂಜಿನ್‌ಗೂ ಕನ್ನಡವಲ್ಲ. ಪರೀಕ್ಷೆ ಸುಲಭ: ಒಂದು ಸಾಲು ನಕಲು ಮಾಡಿ ವಾಟ್ಸ್ಆ್ಯಪ್‌ಗೆ ಅಂಟಿಸಿ. ಕನ್ನಡವೇ ಬಂದರೆ ಯೂನಿಕೋಡ್, ಅರ್ಥವಿಲ್ಲದ ರೋಮನ್ ಅಕ್ಷರ ಬಂದರೆ ಹಳೆಯ ಫಾಂಟ್. ಬರಹ ತಂತ್ರಾಂಶದಲ್ಲೇ ಪರಿವರ್ತನೆಯ ಸೌಲಭ್ಯವಿದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಲ್ಲೇ ನೋಡಿ, ಕೆಡುವುದು ಅಲ್ಲಿಯೇ.

ಪ್ರಶ್ನೆ: ನಾವು ಮಾಡಿಕೊಟ್ಟ ವೆಬ್‌ಸೈಟ್‌ಗಳು ಗೂಗಲ್‌ನಲ್ಲಿ ಬರುತ್ತವೆ, ಬೇರೆಡೆ ಬರುವುದಿಲ್ಲ. ಕಾರಣ?
– ವೆಬ್‌ಸೈಟ್ ಮಾಡಿಕೊಡುವವರು, ಮಂಗಳೂರು

ಉತ್ತರ: ಮೊದಲು ರೋಬಾಟ್ಸ್ ಕಡತ (robots.txt) ತೆರೆಯಿರಿ. ಪುಟಗಳನ್ನು ಓದಲು ಬರುವ ಸರ್ಚ್ ಎಂಜಿನ್‌ಗಳ ಬಾಟ್‌ಗಳಲ್ಲಿ ಯಾರಿಗೆ ಪ್ರವೇಶ ಎಂದು ಹೇಳುವುದು ಅದು. ‘ಗೂಗಲ್‌ಬಾಟ್‌ಗೆ ಪ್ರವೇಶ, ಉಳಿದವರಿಗೆ ನಿಷೇಧ’ ಎಂಬ ಹಳೆಯ ನಮೂನೆಯನ್ನು ಯಾರೋ ಅಂಟಿಸಿರಬಹುದು. ಅದು ಸರಿ ಇದ್ದರೆ ಹೋಸ್ಟಿಂಗ್‌ನ ಫೈರ್‌ವಾಲ್ ನೋಡಿ. ಕಡತದಲ್ಲಿ ಬಾಗಿಲು ತೆರೆದಿದ್ದರೂ ಫೈರ್‌ವಾಲ್ ಬಿಂಗ್‌ಬಾಟ್, ಆ್ಯಪಲ್‌ಬಾಟ್, ಮೊಜೀಕ್‌ಬಾಟ್‌ಗಳಿಗೆ 403, ಅಂದರೆ ‘ಪ್ರವೇಶವಿಲ್ಲ’ ಎಂಬ ಉತ್ತರ ಕೊಡುತ್ತಿರಬಹುದು. ಸರ್ವರ್ ಲಾಗ್‌ನಲ್ಲಿ ಈ ಹೆಸರುಗಳನ್ನು ಹುಡುಕಿದರೆ ಗೊತ್ತಾಗುತ್ತದೆ. ನಕಲಿ ಬಾಟ್‌ಗಳ ಭಯವಿದ್ದರೆ ರಿವರ್ಸ್ ಡಿಎನ್‌ಎಸ್‌ನಿಂದ (ಐಪಿ ವಿಳಾಸ ಯಾರದೆಂದು ನೋಡುವುದು) ಅಸಲಿಯೇ ಎಂದು ಪರೀಕ್ಷಿಸಿ, ಎಲ್ಲರನ್ನೂ ಒಟ್ಟಿಗೆ ತಡೆಯಬೇಡಿ. ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್‌ಗೆ ಗೂಗಲ್ ಸರ್ಚ್ ಕನ್ಸೋಲ್‌ನಿಂದ ನೇರ ಆಮದು ಇದೆ. ಇಂಡೆಕ್ಸ್‌ನೌ ಅಳವಡಿಸಿದರೆ ಪುಟ ಬದಲಾದ ಕೂಡಲೇ ಬಿಂಗ್ ಮತ್ತು ಯಾಂಡೆಕ್ಸ್‌ಗೆ ಸುದ್ದಿ ಮುಟ್ಟುತ್ತದೆ. ಗೂಗಲ್ ಮಾತ್ರ ಇದನ್ನು ಅಳವಡಿಸಿಕೊಂಡಿಲ್ಲ, ಅದಕ್ಕೆ ಸೈಟ್‌ಮ್ಯಾಪ್ (ತಾಣದ ಪುಟಗಳ ಪಟ್ಟಿ) ಇರಲಿ. ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನಲ್ಲಿ ಗುರುತಿಸಲು ಮರೆಯಬೇಡಿ.

ಪ್ರಶ್ನೆ: ನಮ್ಮ ಸುದ್ದಿ ತಾಣದ ಬರಹವನ್ನು ಗೂಗಲ್‌ನ ಎಐ ಉತ್ತರ ಮೇಲೆಯೇ ಹೇಳಿಬಿಡುತ್ತದೆ. ಅದರಿಂದ ಹೊರಗುಳಿಯಬಹುದೇ?
– ಸ್ಥಳೀಯ ಸುದ್ದಿ ತಾಣದ ಸಂಪಾದಕರು, ಪುತ್ತೂರು

ಉತ್ತರ: ರೋಬಾಟ್ಸ್ ಕಡತದಲ್ಲಿ ಗೂಗಲ್-ಎಕ್ಸ್‌ಟೆಂಡೆಡ್ ಅನ್ನು ತಡೆದರೆ ಸಾಕು ಎಂದು ಹಲವರು ನಂಬಿದ್ದಾರೆ. ಅದು ಗೂಗಲ್‌ನ ಎಐ ಆದ ಜೆಮಿನಿಗೆ ಸಂಬಂಧಿಸಿದ್ದು, ಸರ್ಚ್ ಪುಟದ ಎಐ ಉತ್ತರಕ್ಕೆ ಅದರಿಂದ ತಡೆ ಬೀಳುವುದಿಲ್ಲ. ‘ಪುಟದ ಸಾಲುಗಳನ್ನು ತೋರಿಸಬೇಡ’ ಎನ್ನುವ ನೋಸ್ನಿಪೆಟ್ ಗುರುತನ್ನು ಪುಟಕ್ಕೆ ಹಾಕಿದರೆ ತಡೆ ಬೀಳುತ್ತದೆ, ಆದರೆ ಸಾಮಾನ್ಯ ಫಲಿತಾಂಶದಲ್ಲಿ ನಿಮ್ಮ ಶೀರ್ಷಿಕೆಯ ಕೆಳಗಿನ ಎರಡು ಸಾಲೂ ಹೋಗುತ್ತವೆ, ಓದುಗರು ಒತ್ತುವುದು ಇನ್ನೂ ಕಡಿಮೆಯಾಗುತ್ತದೆ. ಒಂದನ್ನು ಬೇಡ ಎಂದರೆ ಇನ್ನೊಂದೂ ಕೆಡುವ ಈ ಗಂಟು ಬಿಡಿಸಬೇಕಾದದ್ದು ನಿಯಂತ್ರಕರು. ಸುದ್ದಿ ಪ್ರಕಾಶಕರ ದೂರಿನ ಮೇಲೆ ನಮ್ಮ ಸ್ಪರ್ಧಾ ಆಯೋಗ 2022ರ ಜನವರಿಯಲ್ಲೇ ಗೂಗಲ್ ವಿರುದ್ಧ ತನಿಖೆಗೆ ಆದೇಶಿಸಿದೆ. ಸದ್ಯಕ್ಕೆ, ಪುಟದ ಮುಖ್ಯ ಭಾಗಕ್ಕೆ ಮಾತ್ರ ಡೇಟಾ-ನೋಸ್ನಿಪೆಟ್ ಗುರುತು ಹಾಕಿ, ಪೀಠಿಕೆಯನ್ನು ತೆರೆದಿಡುವುದು ನಡುದಾರಿ.

ಪ್ರಶ್ನೆ: ಸ್ಪರ್ಧಾ ಆಯೋಗಕ್ಕೆ ನಮ್ಮಂಥ ಸಹಕಾರ ಸಂಘದವರು ದೂರು ಕೊಡಬಹುದೇ? ವಕೀಲರು ಬೇಕೇ?
– ಸಹಕಾರ ಸಂಘದ ಕಾರ್ಯದರ್ಶಿ, ಬ್ರಹ್ಮಾವರ

ಉತ್ತರ: ಕೊಡಬಹುದು. ಕಾಯ್ದೆಯ ಭಾಷೆಯಲ್ಲಿ ಅದು ದೂರಲ್ಲ, 19(1)(ಎ) ಕಲಂ ಅಡಿಯ ‘ಮಾಹಿತಿ’. ಸ್ವತಃ ನಷ್ಟ ಆದವರೇ ಕೊಡಬೇಕೆಂದಿಲ್ಲ, ಯಾರು ಬೇಕಾದರೂ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿದೆ. ವಕೀಲರು ಕಡ್ಡಾಯವಲ್ಲ. ವ್ಯಕ್ತಿ, ಸಹಕಾರ ಸಂಘ, ಗ್ರಾಹಕ ಸಂಘಗಳಿಗೆ ಶುಲ್ಕ ₹5,000. ಸಂಸ್ಥೆ, ಕಂಪನಿಗಳಿಗೆ ವಹಿವಾಟಿನ ಮೇಲೆ ಹೆಚ್ಚುತ್ತ ಹೋಗುತ್ತದೆ. ಆಯೋಗ ಇರುವುದು ದೆಹಲಿಯಲ್ಲಿ, ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಘಟನೆ ನಡೆದು ಮೂರು ವರ್ಷದೊಳಗೆ ಸಲ್ಲಿಸಬೇಕೆಂಬ ಮಿತಿ 2023ರ ತಿದ್ದುಪಡಿಯಲ್ಲಿ ಬಂದಿದೆ. ತಡವಾದರೆ ಕಾರಣ ಕೊಟ್ಟು ಕ್ಷಮೆ ಕೇಳಬೇಕು.

ಹೆಚ್ಚಿನ ಅರ್ಜಿಗಳು ಮೊದಲ ಮೆಟ್ಟಿಲಲ್ಲೇ 26(2) ಕಲಂ ಅಡಿ ಮುಚ್ಚಿಹೋಗುತ್ತವೆ. ‘ನಮ್ಮ ತಾಣ ಮೂರನೇ ಸ್ಥಾನದಿಂದ ಮೂವತ್ತಕ್ಕೆ ಬಿತ್ತು’ ಎಂಬುದು ಒಂದು ಸಂಸ್ಥೆಯ ನೋವು, ಅಷ್ಟರಿಂದ ಸ್ಪರ್ಧೆಗೆ ಹಾನಿ ಆಯಿತೆಂದಾಗದು. ನಾಲ್ಕು ಕೊಂಡಿ ಕೂಡಬೇಕು: ಯಾವ ಮಾರುಕಟ್ಟೆ, ಅದರಲ್ಲಿ ಎದುರಿನವರು ಪ್ರಬಲರೆಂದು ಹೇಗೆ, ಅವರು ಮಾಡಿದ್ದೇನು, ಅದರಿಂದ ಪೈಪೋಟಿದಾರರಿಗೂ ಬಳಕೆದಾರರಿಗೂ ಆದ ಹಾನಿ ಏನು. ನಿಮ್ಮ ಒಂದು ಸಂಘದ ಬದಲು ಹತ್ತು ಸಂಘಗಳು ಒಂದೇ ವಾರ, ಒಂದೇ ಪದಗಳನ್ನು ಹುಡುಕಿ ತೆಗೆದ ಚಿತ್ರಗಳು ಇದ್ದರೆ ಮೂರನೆಯ ಮತ್ತು ನಾಲ್ಕನೆಯ ಕೊಂಡಿ ಬಲವಾಗುತ್ತವೆ. ಆಯೋಗಕ್ಕೆ ಮೇಲ್ನೋಟಕ್ಕೆ ಹುರುಳು ಕಂಡರೆ 26(1) ಅಡಿ ತನ್ನ ತನಿಖಾ ವಿಭಾಗದ ಮಹಾನಿರ್ದೇಶಕರ ತನಿಖೆಗೆ ಕಳುಹಿಸುತ್ತದೆ.

ಬೇಗ ಮುಗಿಯುವ ಕೆಲಸವಲ್ಲ. ಮ್ಯಾಟ್ರಿಮನಿ ಡಾಟ್ ಕಾಮ್ ಮತ್ತು ಗ್ರಾಹಕ ಸಂಸ್ಥೆ ಕಟ್ಸ್ 2012ರಲ್ಲಿ ಕೊಟ್ಟ ಮಾಹಿತಿಗೆ ಆದೇಶ ಬಂದದ್ದು 2018ರಲ್ಲಿ. ಅಷ್ಟು ಕಾಯಲಾಗದ ಹಾನಿ ಇದ್ದರೆ 33ನೇ ಕಲಂ ಅಡಿ ಮಧ್ಯಂತರ ಆದೇಶವನ್ನು ಅರ್ಜಿಯಲ್ಲೇ ಕೇಳಿ. ದಂಡದ ಹಣ ಭಾರತದ ಸಂಚಿತ ನಿಧಿಗೆ ಹೋಗುತ್ತದೆ, ನಿಮಗೆ ಬರುವುದಿಲ್ಲ. ಪರಿಹಾರ ಬೇಕಿದ್ದರೆ ಉಲ್ಲಂಘನೆ ಸಾಬೀತಾದ ಮೇಲೆ ಮೇಲ್ಮನವಿ ನ್ಯಾಯಮಂಡಳಿಗೆ 53ಎನ್ ಕಲಂ ಅಡಿ ಪ್ರತ್ಯೇಕ ಅರ್ಜಿ ಹಾಕಬೇಕು. ಆಗ ನಿಮ್ಮ ನಷ್ಟದ ಲೆಕ್ಕ ಬೇಕಾಗುತ್ತದೆ. ಆದ್ದರಿಂದ ಯಾವ ತಿಂಗಳು ಯಾವ ಸರ್ಚ್ ಎಂಜಿನ್‌ನಿಂದ ಎಷ್ಟು ಜನ ಬಂದರು, ಜಾಹೀರಾತಿಗೆ ಎಷ್ಟು ಕೊಟ್ಟಿರಿ ಎಂಬ ಪಟ್ಟಿಯನ್ನು ಇಂದಿನಿಂದಲೇ ಇಡಿ. ಸರ್ಚ್ ಕನ್ಸೋಲ್‌ನಲ್ಲಿ ಹಿಂದಿನ 16 ತಿಂಗಳ ಅಂಕಿಗಳಷ್ಟೇ ಉಳಿಯುತ್ತವೆ. ವರ್ಷಕ್ಕೊಮ್ಮೆಯಾದರೂ ಅದನ್ನು ಇಳಿಸಿಕೊಂಡು ಸಂಘದ ಕಡತದಲ್ಲಿ ಸೇರಿಸಿ.